ಬಿಳಿ ಗೆರೆ ಕಡಿದಲ್ಲಿ

ಹಿಂದಿನ ಗಾಡಿಯ ಬೆಳಕು ನಮ್ಮ ಕಾರಿನೊಳಕ್ಕೇ ನುಗ್ಗಿತು. ಕನ್ನಡಿ ಬೆಳ್ಳಗಾಯಿತು, ಕಾಕಾನ ಮುಖ ಬೆಳ್ಳಗಾಯಿತು, ಎದುರಿನ ರಸ್ತೆ ಮಾತ್ರ ಇನ್ನಷ್ಟು ಕಪ್ಪಾಯಿತು. ಹಾರ್ನ್. ಮತ್ತೆ ಹಾರ್ನ್. ಎರಡು ಗಾಡಿಗಳ ನಡುವೆ ಹತ್ತು ಅಡಿಯೂ ಇದ್ದಂತಿರಲಿಲ್ಲ. ವಾಗದರಿ ದಾಟಿ ಆಳಂದದ ಕಡೆ ಹೊರಟಿದ್ದ ಆ ಕಿರಿದಾದ ರಸ್ತೆಯಲ್ಲಿ ಸರಿದು ನಿಲ್ಲಲು ಜಾಗವಿರಲಿಲ್ಲ. ಡಾಂಬರು ಮುಗಿದ ಕೂಡಲೇ ಗೇಣುದ್ದ ಇಳಿತ, ಅದರಾಚೆ ಎರೆಹೊಲ.

‘ಜೋರ ಹೊಡಿ ಕಾಕಾ, ತಪ್ಪಿಸ್ಕೊಂಡು ಮುಂದ ಹೋಗಮು’ ಎಂದು ಕೂಗಿದೆ.

ಕಾಕಾ ಜೋರು ಮಾಡಲಿಲ್ಲ. ಬ್ರೇಕನ್ನೂ ಮುಟ್ಟಲಿಲ್ಲ. ಎಕ್ಸಲರೇಟರಿನಿಂದ ಕಾಲನ್ನು ಇಷ್ಟಿಷ್ಟೇ ಎತ್ತಿದ, ಎಡ ಇಂಡಿಕೇಟರ್ ಹಾಕಿದ, ಸ್ಟೇರಿಂಗ್ ಅಲುಗದಂತೆ ಹಿಡಿದ. ‘ಬ್ರೇಕ್ ಒತ್ತಿದರ ನಮ್ಮ ಬೆನ್ನಾಗ ಬರ್ತಾನ. ನಾವು ಓಡಿಸಿದರ ಅವನೂ ಬೆನ್ನು ಹತ್ತತಾನ. ಅವಗ ಬೇಕಾಗಿದ್ದು ದಾರಿ. ಕೊಟ್ಟು ಕಳಸಮು.’ ಸಣ್ಣ ಹಳ್ಳದ ಮೋರಿ ದಾಟಿದ ಮೇಲೆ ರಸ್ತೆ ಅಂಚು ತುಸು ಅಗಲವಾಯಿತು. ಎಡಗಡೆಯ ಎರಡು ಚಕ್ರ ಮಣ್ಣಿಗಿಳಿದವು. ಕಾರು ಒಂದು ಕಡೆ ವಾಲಿತು. ಅದೇ ಗಳಿಗೆಯಲ್ಲಿ ಪಿಕಪ್ ಗಾಡಿಯೊಂದು ನಮ್ಮ ಬಾಗಿಲನ್ನು ಸವರಿಕೊಂಡು ಹೋಗಿ, ಮುಂದಿನ ತಿರುವಿನಲ್ಲಿ ಎದುರಿನಿಂದ ಬರುವವರನ್ನು ನೋಡದೆಯೇ ಬಲಕ್ಕೆ ಹಾರಿ ಮಾಯವಾಯಿತು.

ಕಾಕಾ ಈ ಪಾಠ ಕಲಿತದ್ದು ಸೌದಿಯಲ್ಲಿ. ವರ್ಷಗಟ್ಟಲೆ ರಿಯಾದ್–ದಮ್ಮಾಂ ಹೆದ್ದಾರಿಯಲ್ಲಿ ಟ್ರೇಲರ್ ಓಡಿಸಿದವನು ಅವನು. ಸುಮಾರು 400 ಕಿಲೋಮೀಟರ್ ಮರಳುಗಾಡಿನ ನೇರ ರಸ್ತೆ. ಅಲ್ಲಿ ವೇಗದ ಸಾಲಿನಲ್ಲಿ ಹೋಗುವವರ ಬೆನ್ನಿಗೆ ಕಾರುಗಳು ಲೈಟು ಮಿಣುಕಿಸುತ್ತ ಬಂದು ಅಂಟಿಕೊಳ್ಳುತ್ತವೆ. ದಾರಿ ಸಿಗದಿದ್ದರೆ ರಸ್ತೆ ಬಿಟ್ಟು ಅಂಚಿನ ಮಣ್ಣಿನಲ್ಲೇ ಮುನ್ನುಗ್ಗುತ್ತವೆ. 2010ರಲ್ಲಿ ‘ಸಾಹೆರ್’ ಎಂಬ ಕ್ಯಾಮೆರಾ ವ್ಯವಸ್ಥೆ ಬಂದ ಮೇಲೆ ಕ್ಯಾಮೆರಾ ಇದ್ದಲ್ಲಿ ವೇಗ ಇಳಿಯಿತು, ದಾಟಿದ ಕೂಡಲೇ ಮತ್ತೆ ಏರಿತು ಎಂದು ಕಾಕಾ ಹೇಳುತ್ತಾನೆ. ಪರದೇಶದ ಆ ರಸ್ತೆಯಲ್ಲಿ ಅವನನ್ನು ಉಳಿಸಿದ್ದು ಒಂದೇ ಅಭ್ಯಾಸ: ಯಾರ ಜೊತೆಗೂ ಪೈಪೋಟಿಗೆ ಇಳಿಯದಿರುವುದು.

ಆದರೆ ಆ ರಾತ್ರಿ ಪೈಪೋಟಿ ಇದ್ದದ್ದು ಗಡಿಯಾರದ ಜೊತೆ. ಜೇವರ್ಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಆಯಿ, ಕಾಕಾನ ತಾಯಿ, ಅನ್ನ ನೀರು ಬಿಟ್ಟು ಮಲಗಿದ್ದಳು. ಮಕ್ಕಳ ಮುಖ ನೋಡಬೇಕು ಎಂಬುದೊಂದೇ ಮಾತು. ಮುಂಬೈಗೆ ಬಂದಿಳಿದ ಕಾಕಾ ಅಲ್ಲಿಂದ ರೈಲು ಹಿಡಿದು ಸೊಲ್ಲಾಪುರ ಮುಟ್ಟಿ ನನ್ನ ಕಾರು ಹತ್ತುವಾಗ ರಾತ್ರಿ ಹತ್ತು ದಾಟಿತ್ತು. ಆಳಂದದಲ್ಲಿ ಅತ್ತೆಯನ್ನು, ಅಫಜಲಪುರದಲ್ಲಿ ಸಣ್ಣ ಕಾಕಾನನ್ನು ಹತ್ತಿಸಿಕೊಂಡು ಬೆಳಗಾಗುವುದರೊಳಗೆ ಊರು ಸೇರಬೇಕಿತ್ತು. ಅಂದು ಎಳ್ಳಮಾವಾಸ್ಯೆ. ಚಂದ್ರನ ಒಂದು ಗೆರೆಯೂ ಇಲ್ಲದ ಆಕಾಶ. ಕೆಳಗೆ ಕರಿ ಡಾಂಬರು, ಇಕ್ಕೆಲಕ್ಕೂ ಕರಿ ಎರೆಮಣ್ಣು. ಹೆಡ್‌ಲೈಟಿನ ಬೆಳಕನ್ನು ಅವೆರಡೂ ಒಂದಿಷ್ಟೂ ಹಿಂದಕ್ಕೆ ಕೊಡುತ್ತಿರಲಿಲ್ಲ.

ಆಳಂದ: ಬಲಕ್ಕೆ ತಿರುಗಿದ ಕೈ

ಆಳಂದದಲ್ಲಿ ಅತ್ತೆ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯದ ಗಂಟು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಎಣ್ಣೆ ಹಾಕಿಸಿ ಹೊರಟೆವು. ರಸ್ತೆ ಖಾಲಿ. ಕಾಕಾ ಬಂಕಿನಿಂದ ಹೊರಬಂದು ತಿರುಗಿಸಿದ, ಗೇರ್ ಏರಿಸಿದ. ಎಲ್ಲ ಸರಿಯಿದೆ ಎನಿಸಿತು. ಏನೋ ಒಂದು ಸರಿಯಿಲ್ಲ ಎಂದೂ ಎನಿಸಿತು. ಅಷ್ಟರಲ್ಲಿ ತಿರುವಿನಾಚೆಯಿಂದ ಎರಡು ದೀಪ ಮೇಲೆದ್ದವು. ನೇರ ನಮ್ಮೆದುರಿಗೇ.

‘ಎಡಕ್ಕ! ಕಾಕಾ, ಎಡಕ್ಕ!’

ಕಾರು ಒಮ್ಮೆಗೇ ಎಡಕ್ಕೆ ಹೊರಳಿತು. ಅತ್ತೆ ಕಿಟಕಿಗೆ ಬಡಿದಳು. ಲಾರಿಯ ಹಾರ್ನ್ ಕಿವಿ ಸೀಳಿಕೊಂಡು ಪಕ್ಕದಲ್ಲೇ ಹಾದುಹೋಯಿತು. ಸೌದಿಯಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ. ಎದುರಿಗೆ ಗಾಡಿಗಳಿದ್ದಾಗ ಅವುಗಳನ್ನು ನೋಡಿಯೇ ನಮ್ಮ ಬದಿ ನೆನಪಾಗುತ್ತದೆ. ರಸ್ತೆ ಖಾಲಿಯಿದ್ದಾಗ ಕೈ ತನ್ನ ಹಳೆಯ ರೂಢಿಗೆ ಹೋಗುತ್ತದೆ. ಬೇರೆ ದೇಶಕ್ಕೆ ಹೋದ ಹೊಸದರಲ್ಲಿ, ಬೇರೆ ದೇಶದಿಂದ ಮರಳಿದ ಮೊದಲ ದಿನಗಳಲ್ಲಿ ಚಾಲಕನಿಗೆ ಗಂಡಾಂತರ ಕಾದಿರುವುದು ಇಂಥ ಕಡೆಗಳಲ್ಲೇ: ಬಂಕಿನಿಂದ ಹೊರಬರುವಾಗ, ನಿಂತು ಮತ್ತೆ ಹೊರಡುವಾಗ, ಯಾರೂ ಇಲ್ಲದ ಕೂಡುರಸ್ತೆಯಲ್ಲಿ ತಿರುಗುವಾಗ.

ಕಾಕಾ ಗಾಡಿ ನಿಲ್ಲಿಸಿದ. ಕೆಳಗಿಳಿದು ನನ್ನ ಬಾಗಿಲು ತೆಗೆದ. ‘ನನ್ನ ಕೈ ಇನ್ನ ಆ ದೇಶದಾಗೇ ಅದ. ನೀ ಓಡಿಸು. ನಾ ಕಣ್ಣಾಗತೀನಿ’ ಎಂದ. ಅಷ್ಟು ವರ್ಷ ಟ್ರೇಲರ್ ಓಡಿಸಿದವನು, ತಾಯಿಯ ಕಡೆ ಹೊರಟವನು, ಒಂದು ಮಾತೂ ವಾದಿಸದೆ ಕೀಲಿಯನ್ನು ನನ್ನ ಕೈಗಿಟ್ಟ.

ಕಾರು ಹೊರಟ ಮೇಲೆ ಅತ್ತೆ ಮೆಲ್ಲಗೆ ಬಾಯಿ ಬಿಟ್ಟಳು. ಆಳಂದದ ಜನ ಮರೆಯದ ಒಂದು ಸುದ್ದಿ ಅದು. 2020ರ ಸೆಪ್ಟೆಂಬರ್ 27ರ ನಸುಕು. ಹೆರಿಗೆಗೆಂದು ಗರ್ಭಿಣಿಯನ್ನು ಕರೆದುಕೊಂಡು ಆಳಂದ ಕಡೆಯಿಂದ ಕಲಬುರಗಿ ಆಸ್ಪತ್ರೆಗೆ ಹೊರಟಿದ್ದ ಕಾರು ಸಾವಳಗಿ ಹತ್ತಿರ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ಗರ್ಭಿಣಿಯೂ ಸೇರಿ ಏಳು ಜನ ಹೋದರು. ‘ಅವರೂ ಹಿಂಗೇ ಅವಸರದಾಗ ಹೊಂಟಿದ್ರು. ಜೀವ ಉಳಸಾಕ ಹೊಂಟಿದ್ರು’ ಎಂದಳು ಅತ್ತೆ. ಮುಂದೆ ಅವಳಿಗೆ ಮಾತು ಬರಲಿಲ್ಲ.

ಆ ಕಾರಿಗೆ ಎದುರಿನಿಂದ ಬಂದು ಯಾರೂ ಗುದ್ದಿರಲಿಲ್ಲ. ಸಾವು ತನ್ನ ಜಾಗದಲ್ಲಿ ಸುಮ್ಮನೆ ನಿಂತಿತ್ತು.

ಅಫಜಲಪುರದ ಹಾದಿ: ಒಂದು ದೀಪದ ಮೋಸ

‘ಬೆಳಕ ಮುಟ್ಟಿದಷ್ಟೇ ಓಡಿಸು’ ಎಂದ ಕಾಕಾ. ಅವನ ಇಡೀ ವಿದ್ಯೆ ಆ ಮಾತಿನಲ್ಲಿತ್ತು. ಅದರ ಹಿಂದಿನ ಲೆಕ್ಕ ಸರಳ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಕಳೆದುಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು 70 ಮೀಟರ್ ಹತ್ತಿರ. ಡಿಪ್ಪರ್ ಬೆಳಕು ಚೆನ್ನಾಗಿ ತೋರಿಸುವುದು ಹೆಚ್ಚೆಂದರೆ 50–60 ಮೀಟರ್. ಅಂದರೆ ಆ ವೇಗದಲ್ಲಿ ಓಡಿಸುವವನು ನಿಂತ ಲಾರಿಯನ್ನು ಕಂಡೇ ಗುದ್ದುತ್ತಾನೆ. ವೇಗ 50ಕ್ಕೆ ಇಳಿದರೆ 35 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಮುಳ್ಳು 50 ದಾಟದಂತೆ ಹಿಡಿದೆ. ಆಯಿಯ ಮುಖ ಕಣ್ಣೆದುರು ಬಂದಾಗಲೆಲ್ಲ ಕಾಲು ತಾನಾಗಿ ಒತ್ತುತ್ತಿತ್ತು. ಕಾಕಾನ ಬೆರಳು ಆಗಾಗ ನನ್ನ ಮೊಣಕಾಲು ತಟ್ಟುತ್ತಿತ್ತು.

ದೂರದಲ್ಲಿ ಒಂಟಿ ದೀಪ ಕಂಡಿತು. ಮೋಟರ್‌ಸೈಕಲ್ ಎಂದುಕೊಂಡೆ. ಅದಕ್ಕೆ ಬೇಕಾದಷ್ಟೇ ಜಾಗ ಬಿಟ್ಟು ನೇರ ಹೊರಟೆ.

‘ಪೂರಾ ಎಡಕ್ಕ ತಗೊ!’ ಕಾಕಾ ಸ್ಟೇರಿಂಗ್ ಮೇಲೆ ಕೈ ಹಾಕಿದ. ಚಕ್ರ ಮಣ್ಣಿಗಿಳಿದು ಕಾರು ಎಗರಾಡಿತು. ಒಂಟಿ ದೀಪದ ಹಿಂದೆ, ನಮ್ಮ ಕಡೆಗೆ, ಕತ್ತಲೊಳಗಿಂದ ಒಂದು ದೊಡ್ಡ ಗೋಡೆ ಹೊರಬಂತು. ಟ್ರ್ಯಾಕ್ಟರ್! ಉರಿಯುತ್ತಿದ್ದದ್ದು ಅದರ ಎಡ ದೀಪ ಮಾತ್ರ. ನಮ್ಮ ಕಡೆಯ ದೀಪ ಸತ್ತಿತ್ತು. ಅದರ ಹಿಂದೆ ಎರಡು ಟ್ರ್ಯಾಲಿ ಕಬ್ಬು. ಟ್ರ್ಯಾಲಿಯ ಅಂಚು ದಾಟಿ ಹೊರಚಾಚಿದ ಕಬ್ಬಿನ ಜಲ್ಲೆಗಳು ನಮ್ಮ ಕನ್ನಡಿಗೆ ತಟತಟ ಬಡಿದು ಅದನ್ನು ಮುರಿದು ಕೆಡವಿದವು. ಇನ್ನೊಂದಡಿ ಬಲಕ್ಕಿದ್ದಿದ್ದರೆ ಕನ್ನಡಿಯ ಜಾಗದಲ್ಲಿ ನನ್ನ ಮುಖವಿರುತ್ತಿತ್ತು.

ಈ ಮೂರೂ ತಾಲ್ಲೂಕುಗಳ ರಾತ್ರಿಯನ್ನು ಚಳಿಗಾಲದಲ್ಲಿ ಆಳುವುದು ಕಬ್ಬು. ಆಳಂದ ತಾಲ್ಲೂಕಿನ ಭೂಸನೂರ, ಅಫಜಲಪುರ ತಾಲ್ಲೂಕಿನ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ ಹೀಗೆ ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಭೀಮಾ ನೀರು ಕುಡಿದ ಹೊಲಗಳಿಂದ ಹಗಲೂ ರಾತ್ರಿಯೂ ಕಬ್ಬು ಸಾಗುತ್ತದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಳೆದುಕೊಳ್ಳುತ್ತದೆ, ತೂಕ ಹೋದರೆ ರೈತನ ದುಡ್ಡು ಹೋಗುತ್ತದೆ. ಹಾಗಾಗಿ ಟ್ರ್ಯಾಕ್ಟರಿನವನಿಗೆ ರಾತ್ರಿ ನಿಲ್ಲುವ ಮಾತೇ ಇಲ್ಲ. ಟ್ರ್ಯಾಲಿಯ ಹಿಂದೆ ಕೆಂಪು ದೀಪ ಇದ್ದರೂ ವೈರು ಕಿತ್ತಿರುತ್ತದೆ. ರೇಡಿಯಂ ಪಟ್ಟಿ ಇದ್ದರೂ ಇಳಿಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚುತ್ತದೆ. ಗಂಟೆಗೆ 15–20 ಕಿಲೋಮೀಟರ್ ವೇಗದಲ್ಲಿ ತೆವಳುವ ಈ ಹೊರೆಯ ಹಿಂದೆ 80ರ ವೇಗದಲ್ಲಿ ಬರುವವನಿಗೆ ಅದು ಚಲಿಸುತ್ತಿದೆಯೆಂದೇ ಗೊತ್ತಾಗುವುದಿಲ್ಲ.

ಮುಂದೆ ಇನ್ನೊಂದು. ಈ ಸಲ ನಮ್ಮ ದಿಕ್ಕಿನಲ್ಲೇ ಹೋಗುತ್ತಿದ್ದದ್ದು. ಬೆಳಕಿಗೆ ಮೊದಲು ಸಿಕ್ಕಿದ್ದು ರಸ್ತೆ ಮೇಲೆ ಬಿದ್ದಿದ್ದ ಕಬ್ಬಿನ ತುಂಡು. ‘ಕಬ್ಬ ಬಿದ್ದದ, ಗಾಡಿ ಮುಂದೇ ಅದ’ ಎಂದ ಕಾಕಾ. ಬ್ರೇಕಿಗೆ ಕಾಲಿಟ್ಟೆ. ಕೆಲವೇ ಕ್ಷಣಗಳಲ್ಲಿ ಟ್ರ್ಯಾಲಿಯ ಬೆನ್ನು ಕತ್ತಲಿನಿಂದ ಎದ್ದುಬಂತು. ದಾಟಲು ಹೊರಟೆ. ಕಾಕಾ ತಡೆದ. ‘ಎರಡು ಟ್ರ್ಯಾಲಿ ಅದಾವ. ಒಂದು ದಾಟಿದ ಮ್ಯಾಲ ಇನ್ನೊಂದು ಬರ್ತದ. ಎದುರಿನ ರೋಡ್ ಪೂರಾ ಕಾಣೂ ತನಕ ಹಿಂದೇ ಇರು.’ ಆ ಮಾತು ಮುಗಿಯುವ ಮೊದಲೇ ನಮ್ಮ ಹಿಂದಿದ್ದ ಬೈಕಿನ ಹುಡುಗರು ಬಲಕ್ಕೆ ಹಾರಿದರು. ಎದುರಿನಿಂದ ಲೈಟು ಬಂತು. ಮುಂದೆ ಹೋಗಲಾಗದೆ, ಹಿಂದೆ ಬರಲಾಗದೆ ಅವರು ಎರಡು ಟ್ರ್ಯಾಲಿಗಳ ನಡುವಿನ ಕೊಂಡಿಯ ಪಕ್ಕದಲ್ಲಿ ಸಿಕ್ಕಿಬಿದ್ದರು. ನಾನು ವೇಗ ಇಳಿಸಿ, ಅವರು ಬಂದು ಸೇರುವಷ್ಟು ಜಾಗ ಬಿಟ್ಟು, ಅಪ್ಪರ್–ಡಿಪ್ಪರ್ ಹೊಡೆಯುತ್ತ ಹೋದೆ. ಎದುರಿನವನು ಅದನ್ನು ಕಂಡು ಬ್ರೇಕ್ ಹಿಡಿದ. ಬೈಕು ಓಲಾಡುತ್ತ ಹಿಂದೆ ಸರಿದು ನಮ್ಮ ಮುಂದಿನ ಜಾಗಕ್ಕೆ ಬಂದು ಬಿತ್ತು. ಇಬ್ಬರೂ ಬದುಕಿದರು. ತಲೆಗೆ ಹೆಲ್ಮೆಟ್ ಇರಲಿಲ್ಲ.

ಇನ್ನೂ ಮುಂದೆ, ರಸ್ತೆಯ ಅರ್ಧಕ್ಕೆ ತೊಗರಿ ಕಟ್ಟಿಗೆ ಹರಡಿತ್ತು. ಗಾಡಿಗಳ ಚಕ್ರ ಹಾದು ಕಾಳು ಬಿಡಲೆಂದು ಹಗಲು ಹಾಕಿದ ರಾಶಿ. ಅದನ್ನು ಕಾಯಲು ಇಟ್ಟ ತಲೆಗಾತ್ರದ ಕಲ್ಲುಗಳು ಸಾಲಾಗಿ ಹಾಗೇ ಕೂತಿದ್ದವು. ಕಣದ ಜಾಗ ಇಲ್ಲದ, ಒಕ್ಕುವ ಯಂತ್ರಕ್ಕೆ ಬಾಡಿಗೆ ಕೊಡಲಾಗದ ರೈತನ ಕಷ್ಟ ನನಗೆ ಗೊತ್ತು. ಆದರೆ ಆ ಕಲ್ಲು ಕತ್ತಲಲ್ಲಿ ಬೈಕಿನ ಮುಂದಿನ ಚಕ್ರಕ್ಕೆ ಸಿಕ್ಕರೆ ಸಾಯುವವನೂ ಬಹುತೇಕ ಇನ್ನೊಬ್ಬ ರೈತನೇ. ಕಾಕಾ ಕೆಳಗಿಳಿದು ಒಂದೊಂದೇ ಕಲ್ಲನ್ನು ಹೊಲದ ಬದಿಗೆ ಸರಿಸಿದ. ಗಡಿಯಾರ ನೋಡಿದೆ. ಅವನು ನೋಡಲಿಲ್ಲ.

ಘತ್ತರಗಿ: ಮೊದಲು ಕಾಲು ಕಾಣುತ್ತವೆ

ಅಫಜಲಪುರದಲ್ಲಿ ಸಣ್ಣ ಕಾಕಾ ಶಾಲು ಸುತ್ತಿಕೊಂಡು ರಸ್ತೆ ಮೇಲೇ ನಿಂತಿದ್ದ. ಈಗ ಕಾರಿನಲ್ಲಿ ನಾಲ್ಕು ಜೀವ. ಘತ್ತರಗಿ ಸೇತುವೆ ದಾಟಿ, ಸಿಂದಗಿ ಸೀಮೆ ಹಾದು, ಹೆದ್ದಾರಿ ಹಿಡಿಯಬೇಕಿತ್ತು. ನದಿ ಹತ್ತಿರವಾದಂತೆ ಮಂಜು ಶುರುವಾಯಿತು. ಮೊದಲು ಎಳೆ ಎಳೆಯಾಗಿ ಬಂತು, ಆಮೇಲೆ ಪರದೆಯಾಗಿ ಇಳಿಯಿತು. ಫುಲ್ ಲೈಟು ಹಾಕಿದೆ. ಬೆಳಕು ಮಂಜಿಗೆ ಬಡಿದು ನನ್ನ ಕಣ್ಣಿಗೇ ಮರಳಿತು. ‘ಇಳಿಸು’ ಎಂದ ಕಾಕಾ. ಡಿಪ್ಪರಿಗೆ ಬಂದಾಗ ರಸ್ತೆಯ ನಾಲ್ಕು ಮಾರು ಮತ್ತೆ ಕಂಡಿತು. ವೇಗ 20ಕ್ಕೆ ಬಂತು. ಕಿಟಕಿ ಗಾಜು ಇಳಿಸಿ, ರೇಡಿಯೊ ನಿಲ್ಲಿಸಿ, ನಾಲ್ವರೂ ಕಿವಿಯಿಂದ ರಸ್ತೆ ಹುಡುಕಿದೆವು.

ಕಾಕಾ ಆಗ ಒಂಟೆಯ ಮಾತು ತೆಗೆದ. ಮರಳುಗಾಡಿನ ಹೆದ್ದಾರಿಯಲ್ಲಿ ರಾತ್ರಿ ಒಂಟೆ ಅಡ್ಡ ಬಂದರೆ ಡಿಪ್ಪರ್ ಬೆಳಕಿಗೆ ಅದರ ಮೈ ಸಿಗುವುದಿಲ್ಲ. ನಾಲ್ಕು ಕಡ್ಡಿಯಂಥ ಕಾಲು ಮಾತ್ರ ಕಾಣುತ್ತವೆ. ಕಾರು ಆ ಕಾಲಿಗೆ ಬಡಿದರೆ ಮೇಲಿನ ಮಣಗಟ್ಟಲೆ ಮೈ ಗಾಜು ಒಡೆದುಕೊಂಡು ಕೂತವರ ಮೇಲೆಯೇ ಬೀಳುತ್ತದೆ. ‘ಅಲ್ಲಿ ನಾ ಒಂಟಿ ಹುಡುಕಲಿಲ್ಲ ತಮ್ಮಾ. ಕಾಲು ಹುಡುಕತಿದ್ದೆ.’

ಆ ಮಾತೇ ನಮ್ಮನ್ನು ಕಾಯಿತು. ಮಂಜಿನ ಕೆಳಗೆ, ನೆಲದಿಂದ ಒಂದು ಮೊಳ ಎತ್ತರದಲ್ಲಿ, ಏನೋ ಅಲುಗಿದಂತಾಯಿತು. ಹಿಮ್ಮಡಿ! ಬರಿಗಾಲಿನ ಹಿಮ್ಮಡಿಗಳು. ಒಂದಲ್ಲ, ಸಾಲು ಸಾಲು. ಬ್ರೇಕ್ ಒತ್ತಿದೆ. ಕಾರು ನಿಂತಾಗ ಮುಂದಿನ ಬಂಪರಿಗೂ ಕೊನೆಯ ಹೆಣ್ಣುಮಗಳ ಸೀರೆಯ ಅಂಚಿಗೂ ಕೈಯಳತೆಯಷ್ಟೇ ಅಂತರ. ಘತ್ತರಗಿಯ ಭಾಗ್ಯವಂತಿ ದೇವಿಗೆ ಅಮಾವಾಸ್ಯೆಯ ನಡಿಗೆ ಹೊರಟ ಭಕ್ತರು. ಕಂಬಳಿ ಹೊದ್ದು, ತಲೆ ಮೇಲೆ ಗಂಟು ಹೊತ್ತು, ಗಾಡಿಗಳಿಗೆ ಬೆನ್ನು ಕೊಟ್ಟು ರಸ್ತೆಯ ಎಡಕ್ಕೆ ನಡೆಯುತ್ತಿದ್ದರು. ಹಿಂದೆ ಬಂದದ್ದು ಅವರಿಗೆ ಕಾಣದು, ಅವರ ಮೈಮೇಲಿನ ಕರಿ ಕಂಬಳಿ ನಮಗೆ ಕಾಣದು.

ಅತ್ತೆ ಕೆಳಗಿಳಿದಳು. ‘ಯವ್ವಾ, ಎದುರು ಬರೂ ಗಾಡಿ ಕಾಣೂ ಹಂಗ ಬಲಗಡಿ ನಡೀರಿ. ಬೆನ್ನಿಗಿ ಬಿಳಿ ಟವಲ್ ಕಟ್ಕೊರಿ’ ಎಂದು ಹೇಳಿದಳು. ಒಬ್ಬ ಹಿರಿಯ ತನ್ನ ಬಿಳಿ ರುಮಾಲು ಬಿಚ್ಚಿ ಎಲ್ಲರ ಹಿಂದೆ ನಡೆಯುವವನ ಬೆನ್ನಿಗೆ ಹೊದಿಸಿದ. ಇನ್ನೊಬ್ಬ ಮೊಬೈಲಿನ ಬ್ಯಾಟರಿ ಹಚ್ಚಿ ಹಿಂದಕ್ಕೆ ಹಿಡಿದ. ಇಡೀ ಗುಂಪು ಬಲಕ್ಕೆ ದಾಟಿತು. 2020ರ ಅಕ್ಟೋಬರಿನ ಭೀಮಾ ಮಹಾಪೂರದಲ್ಲಿ ಈ ದಂಡೆಯ ಊರೂರೇ ನೀರಿಗೆ ಸಿಕ್ಕಿದ್ದವು. ಆಗ ಒಬ್ಬರ ಕೈ ಒಬ್ಬರು ಹಿಡಿದು ದಾಟಿದ ಜನ ಇವರು. ರಸ್ತೆಯಲ್ಲಿ ಅವರನ್ನು ಕಾಯಲು ಬೇಕಾದದ್ದು ಒಂದು ಬಿಳಿ ಬಟ್ಟೆ, ಒಂದು ಮಾತು.

ಸೇತುವೆ ದಾಟುವಾಗ ಕೆಳಗೆ ಭೀಮೆ ಇದ್ದಾಳೆಂಬುದು ಗಾಳಿಯ ತಂಪಿನಿಂದ ಮಾತ್ರ ತಿಳಿಯಿತು.

ನೆಲೋಗಿಯ ಸೀಮೆ

ಹೆದ್ದಾರಿ ಸಿಕ್ಕಿತು. ವಿಜಯಪುರದಿಂದ ಕಲಬುರಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50. ಮಂಜು ತೆಳುವಾಯಿತು, ರಸ್ತೆ ನಯವಾಯಿತು, ಅಂಚಿಗೆ ಹೊಸ ಬಿಳಿ ಗೆರೆ ಮೂಡಿತು. ಇನ್ನೇನು ಬಂದೆವು ಎನಿಸಿತು. ಮೈಯೊಳಗಿನ ಬಿಗಿ ಸಡಿಲಿತು. ಕಾಕಾ ಮಾತ್ರ ಮುಂದಕ್ಕೆ ಬಾಗಿ ಕೂತ. ಕೆಟ್ಟ ರಸ್ತೆ ಚಾಲಕನನ್ನು ಎಚ್ಚರವಾಗಿ ಇಡುತ್ತದೆ, ಒಳ್ಳೆಯ ರಸ್ತೆ ಮಲಗಿಸುತ್ತದೆ ಎಂದು ಅವನಿಗೆ ಗೊತ್ತಿತ್ತು.

ಈ ಸೀಮೆಯ ಹೆಸರು ಕೇಳಿದರೆ ಈಗ ಎದೆ ಝಲ್ಲೆನ್ನುತ್ತದೆ. 2025ರ ಏಪ್ರಿಲ್ 5ರ ಬೆಳಗಿನ ಜಾವ, ಇದೇ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಬಳಿ, ಬಾಗಲಕೋಟೆ ಜಿಲ್ಲೆಯಿಂದ ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದವರ ಮ್ಯಾಕ್ಸಿಕ್ಯಾಬ್ ನಿಂತಿದ್ದ ಲಾರಿಗೆ ಗುದ್ದಿ ಐವರು ತೀರಿಕೊಂಡರು. ಅದೇ ವರ್ಷ ನವೆಂಬರ್ 25ರಂದು ಇದೇ ತಾಲ್ಲೂಕಿನ ಗೌನಳ್ಳಿ ಕ್ರಾಸ್ ಬಳಿ ಕಾರು ಅಪಘಾತಕ್ಕೀಡಾಗಿ ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಮತ್ತು ಜೊತೆಗಿದ್ದ ಬಂಧುಗಳು ಹೋದರು. ಮದುವೆಗೆ ಹೊರಟವರು ಅವರು. 2022ರ ಒಂದೇ ವರ್ಷ ದೇಶದ ರಸ್ತೆಗಳು ನುಂಗಿದ್ದು 1,68,491 ಜನರನ್ನು. ಸಾವಳಗಿ, ನೆಲೋಗಿ, ಗೌನಳ್ಳಿ ನಮ್ಮ ಪಾಲಿಗೆ ಅಂಕಿಯಲ್ಲ. ನಮ್ಮ ಮನೆಗೆ ಹೋಗುವ ದಾರಿ.

ಎದುರಿನಿಂದ ಲಾರಿಯೊಂದು ಫುಲ್ ಲೈಟಿನಲ್ಲಿ ಬಂತು. ಡಿಪ್ಪರ್ ಹೊಡೆದೆ. ಅವನು ಇಳಿಸಲಿಲ್ಲ. ಮತ್ತೆ ಹೊಡೆದೆ. ಇಳಿಸಲಿಲ್ಲ. ಗಾಜಿನ ತುಂಬ ಬಿಳಿ ಬೆಂಕಿ.

‘ಏನೂ ಕಾಣವಲ್ದು ಕಾಕಾ!’

‘ಅವನ ಲೈಟ್ ನೋಡಬ್ಯಾಡ. ಎಡಗಡಿ ಬಿಳಿ ಗೆರಿ ನೋಡು. ಗೆರಿ ಹಿಡಿದು ಹೋಗು. ಕಾಲ ಎತ್ತು.’

ಗೆರೆಗೆ ಕಣ್ಣು ನೆಟ್ಟೆ. ಬೆಳಕಿನ ಪ್ರವಾಹದ ಅಂಚಿನಲ್ಲಿ ಅದೊಂದೇ ನಿಜವೆನಿಸುತ್ತಿತ್ತು. ಗೆರೆ ಬರುತ್ತಿತ್ತು, ಬರುತ್ತಿತ್ತು, ಬರುತ್ತಿತ್ತು. ಒಮ್ಮೆಗೇ ಇಲ್ಲವಾಯಿತು.

‘ಗೆರಿ ಕಡೀತು! ಬ್ರೇಕ್! ಬ್ರೇಕ್!’

ಎರಡೂ ಕಾಲು ಊರಿದೆ. ಪೆಡಲು ಅಂಗಾಲಿನ ಕೆಳಗೆ ಗಡಗಡ ನಡುಗಿತು, ಟೈರು ಕಿರುಚಿದವು, ಸೀಟ್ ಬೆಲ್ಟು ಎದೆಯನ್ನು ಕೊಯ್ಯಿತು, ಅತ್ತೆಯ ರೊಟ್ಟಿ ಗಂಟು ನನ್ನ ಬೆನ್ನಿಗೆ ಬಡಿದು ಚೆಲ್ಲಿತು. ಕಾರು ನಿಂತಿತು. ಎದುರಿನ ಲಾರಿ ಹಾದುಹೋಯಿತು. ಕಣ್ಣಿಗೆ ಕತ್ತಲೆ ಮರಳಿದ ಮೇಲೆ ನೋಡಿದರೆ ಬಾನೆಟ್ಟಿನಿಂದ ಒಂದು ಮಾರು ಮುಂದೆ, ಕರಿ ತಾಡಪಾಲು ಹೊದ್ದ ದೊಡ್ಡ ಲಾರಿಯ ಹಿಂಭಾಗ. ಕಬ್ಬಿಣದ ಪಟ್ಟಿ ಸರಿಯಾಗಿ ನಮ್ಮ ಗಾಜಿನ ಎತ್ತರಕ್ಕೆ. ಒಂದು ದೀಪವಿಲ್ಲ, ರೇಡಿಯಂ ಇಲ್ಲ. ಚಕ್ರದ ಹಿಂದೆ ಎರಡು ಕಲ್ಲು ಮಾತ್ರ.

ಬದುಕಿದೆವು ಎಂದುಕೊಳ್ಳಲು ಒಂದು ಉಸಿರಿನಷ್ಟೂ ಸಮಯ ಸಿಗಲಿಲ್ಲ. ‘ಎಲ್ಲಾರೂ ಇಳೀರಿ! ಎಡಗಡಿ ಬಾಗಲದಿಂದ! ಹೊಲದಾಗ ಓಡ್ರಿ!’ ಕಾಕಾ ಆಗಲೇ ಡಿಕ್ಕಿ ತೆಗೆದಿದ್ದ. ನಾನು ನಾಲ್ಕೂ ಇಂಡಿಕೇಟರ್ ಹಾಕಿ ಹಾರಿದೆ. ನಿಂತ ಲಾರಿಗಿಂತ ಈಗ ದೊಡ್ಡ ಅಪಾಯ ಅದರ ಹಿಂದೆ ನಿಂತ ನಾವು. ಸಣ್ಣ ಕಾಕಾ ಅತ್ತೆಯ ಕೈ ಹಿಡಿದು ತೊಗರಿ ಸಾಲಿನೊಳಗೆ ನುಗ್ಗಿದ. ಕಾಕಾ ಕೆಂಪು ತ್ರಿಕೋನ ಎದೆಗವಚಿಕೊಂಡು, ಮೊಬೈಲಿನ ಬೆಳಕು ಬೀಸುತ್ತ, ಬಂದ ದಿಕ್ಕಿಗೇ ಹಿಂದಕ್ಕೆ ಓಡಿದ. ಆ ತ್ರಿಕೋನ ಹೊಸ ಕಾರಿನ ಜೊತೆ ಬರಲೇಬೇಕಾದ ಸಾಮಾನು. ಎಷ್ಟೋ ಮನೆಗಳಲ್ಲಿ ಅದು ಪ್ಲಾಸ್ಟಿಕ್ ಚೀಲ ಬಿಚ್ಚದೆ ಬಿದ್ದಿರುತ್ತದೆ.

ದೂರದಲ್ಲಿ ಕ್ರೂಸರ್ ಒಂದರ ದೀಪ ಕಂಡಿತು. ವೇಗ ಇಳಿಯಲಿಲ್ಲ. ಕಾಕಾ ರಸ್ತೆ ಅಂಚಿನಲ್ಲಿ ತ್ರಿಕೋನ ಇಟ್ಟು ಬೆಳಕು ಬೀಸಿದ. ಇಳಿಯಲಿಲ್ಲ. ಚಾಲಕ ತೂಕಡಿಸುತ್ತಿದ್ದನೋ ಏನೋ. ಕಾಕಾ ಕಂಠ ಹರಿಯುವಂತೆ ಕೂಗಿದ. ತ್ರಿಕೋನ ಕೆಂಪಗೆ ಹೊಳೆಯಿತು. ಕ್ರೂಸರಿನ ಮೂತಿ ಒಮ್ಮೆಗೇ ನೆಲಕ್ಕೆ ಬಾಗಿತು. ಹಿಂಭಾಗ ಅಡ್ಡಡ್ಡ ಹೊರಳಿತು. ಬಲಕ್ಕೆ ವಾಲಿಕೊಂಡು, ನಮ್ಮ ಕಾರನ್ನೂ ಲಾರಿಯನ್ನೂ ದಾಟಿ, ಆಚೆ ಹೋಗಿ ನಿಂತಿತು. ಒಳಗೆ ಒಬ್ಬರ ಮೇಲೊಬ್ಬರು ಮಲಗಿದ್ದ ಕೂಲಿ ಜನ, ತಾಯಿಯ ಸೆರಗಿನೊಳಗೆ ಮಕ್ಕಳು. ಒಂದು ಮಗು ಅಳತೊಡಗಿತು. ಅಂಥ ಸಿಹಿ ಅಳುವನ್ನು ನಾನು ಈವರೆಗೆ ಕೇಳಿಲ್ಲ.

ಲಾರಿಯ ಚಾಲಕ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ. ಪರರಾಜ್ಯದವನು. ಲಾರಿ ಕೆಟ್ಟಿತ್ತು, ಬ್ಯಾಟರಿ ಸತ್ತಿತ್ತು, ಫೋನೂ ಮುಗಿದಿತ್ತು. ಅವನ ಬಳಿ ಇದ್ದದ್ದು ಆ ಎರಡು ಕಲ್ಲು, ಮತ್ತು ದಣಿವು. 112ಕ್ಕೆ ಫೋನು ಮಾಡಿದೆ, ಹೆದ್ದಾರಿ ಸಹಾಯವಾಣಿ 1033ಕ್ಕೂ ಮಾಡಿದೆ. ಗಾಡಿ ಬರಲು ಹೊತ್ತಾಗುತ್ತದೆ ಎಂದರು.

ಈಗ ಹೊರಡಬಹುದಿತ್ತು. ಊರು ಹತ್ತಿರ. ಆಯಿ ಕಾಯುತ್ತಿದ್ದಾಳೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಮಾತಾಡಿದ್ದು ಅತ್ತೆ. ‘ಅವ್ವ ನಮ್ಮ ದಾರಿ ಕಾಯಾಕತ್ಯಾಳ. ಹಿಂದ ಬರೋರಿಗೂ ಅವ್ವಂದಿರು ಅದಾರಲ್ಲ.’

ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ದೂರ ನಿಲ್ಲಿಸಿದೆವು. ಕ್ರೂಸರಿನವರೂ ಇಳಿದು ಬಂದರು. ಗಂಡಸರು ಲಾರಿಯ ಹಿಂದೆ ದೂರದವರೆಗೆ ಅಂಚಿನ ಹೊರಗೆ ಸಾಲಾಗಿ ನಿಂತು ಮೊಬೈಲು ಬೆಳಗಿಸಿದರು. ಅತ್ತೆ ತನ್ನ ಗಂಟು ಕಟ್ಟಿದ್ದ ಬಿಳಿ ಬಟ್ಟೆಯನ್ನು ಲಾರಿಯ ಬೆನ್ನಿಗೆ ಬಿಗಿದಳು. ಬಸ್ಸುಗಳು ಬಂದವು, ಟ್ಯಾಂಕರು ಬಂತು, ಮದುವೆ ಗಾಡಿ ಬಂತು. ಪ್ರತಿಯೊಂದೂ ಬೆಳಕು ಕಂಡು ನಿಧಾನಿಸಿ, ಬಲಕ್ಕೆ ಸರಿದು, ಬದುಕಿಕೊಂಡು ಹೋಯಿತು. ಪೂರ್ವ ಕೆಂಪಾಗುವ ಹೊತ್ತಿಗೆ ಪೊಲೀಸ್ ಗಾಡಿ ನೀಲಿ ದೀಪ ತಿರುಗಿಸುತ್ತ ಬಂದು ಲಾರಿಯ ಹಿಂದೆ ನಿಂತಿತು.

ಆಯಿ ಕಣ್ಣು ಬಿಟ್ಟಿದ್ದಳು. ಮೂರು ಮಕ್ಕಳ ಕೈಯನ್ನೂ ಒಂದರ ಮೇಲೊಂದು ಇಟ್ಟುಕೊಂಡಳು. ಮಧ್ಯಾಹ್ನ ಗಂಜಿ ಕುಡಿದಳು.

ಕಾಟಾದ ಬಾಗಿಲಲ್ಲಿ

ಸಂಜೆ ಊರ ಹೊರಗಿನ ಬಯಲಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ರಾತ್ರಿ ಪಾಳಿಗೆ ಹೊರಡಲು ಸಿದ್ಧವಾದವು. ಕಾಕಾ ಒಂದೊಂದರ ಹಿಂದೆಯೂ ನಡೆದು ನೋಡಿದ. ದೀಪವಿಲ್ಲ, ಪಟ್ಟಿಯಿಲ್ಲ. ಜೇವರ್ಗಿಗೆ ಹೋಗಿ ಕೆಂಪು ರೇಡಿಯಂ ಪಟ್ಟಿಯ ಸುರುಳಿ ತಂದೆವು. ಟ್ರ್ಯಾಲಿಗೇ ಅಂಟಿಸಿದರೆ ಸೋಗೆ ಮುಚ್ಚುತ್ತದೆ. ಹಾಗಾಗಿ ಹಲಗೆ ತುಂಡಿಗೆ ಪಟ್ಟಿ ಸುತ್ತಿ, ಕಬ್ಬಿನ ಹೊರೆಯ ಹೊರಗೆ ತೂಗುವಂತೆ ಹಗ್ಗದಿಂದ ಕಟ್ಟಿದೆವು. ಒಬ್ಬ ಹುಡುಗ ‘ಹೊತ್ತಾಗ್ತದ ಕಾಕಾ, ಪಾಳಿ ತಪ್ಪತದ’ ಎಂದ. ‘ಪಾಳಿ ತಪ್ಪಿದರ ನಾಳಿ ಬರ್ತದಪ್ಪಾ’ ಎಂದ ಕಾಕಾ, ಗಂಟು ಬಿಗಿಯುತ್ತ.

ಒಂದೂರಿನ ಟ್ರ್ಯಾಲಿಗಳಿಗೆ ಹಲಗೆ ಕಟ್ಟಿದರೆ ಸಾಲದು. ಆದರೆ ಮೂರು ತಾಲ್ಲೂಕಿನ ಕಬ್ಬಿನ ಗಾಡಿಗಳೂ ಒಂದಲ್ಲ ಒಂದು ಕಾರ್ಖಾನೆಯ ತೂಕದ ಕಾಟಾ ಹತ್ತಲೇಬೇಕು. ಸಾವಿರ ದಾರಿಗಳಲ್ಲಿ ಪೊಲೀಸರನ್ನು ನಿಲ್ಲಿಸುವುದು ಕಷ್ಟ, ಒಂದು ಬಾಗಿಲಲ್ಲಿ ನೋಡುವುದು ಸುಲಭ. ಹಿಂದೆ ಕೆಂಪು ಪಟ್ಟಿ ಇಲ್ಲದ, ಎರಡೂ ಹೆಡ್‌ಲೈಟ್ ಉರಿಯದ ಗಾಡಿಗೆ ಅಲ್ಲೇ ಪಟ್ಟಿ ಅಂಟಿಸಿ, ಬಲ್ಬು ಹಾಕಿ, ಆಮೇಲೆ ತೂಕ ಮಾಡಲಿ. ಅದರ ಖರ್ಚನ್ನು ರೈತನ ತಲೆಗೆ ಕಟ್ಟದೆ ಕಾರ್ಖಾನೆಗಳೇ ಹೊರಲಿ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಕತ್ತಲಾಗುವ ಮೊದಲೇ ಎಳೆದೊಯ್ಯುವ ಕ್ರೇನು ಜೇವರ್ಗಿಯಲ್ಲೇ ಸಿದ್ಧವಿರಲಿ.

ಅಪಘಾತ ಕಂಡವರು ಹೆದರಿ ಮುಂದೆ ಹೋಗುವ ಕಾಲವೂ ಮುಗಿಯಬೇಕು. 2019ರ ತಿದ್ದುಪಡಿಯ ಮೇಲೆ ಮೋಟಾರು ವಾಹನ ಕಾಯ್ದೆಯೇ ಗಾಯಾಳುವಿಗೆ ನೆರವಾದವರ ರಕ್ಷಣೆಗೆ ನಿಂತಿದೆ. ನಮ್ಮ ರಾಜ್ಯಕ್ಕೆ ತನ್ನದೇ 2016ರ ಕಾನೂನೂ ಇದೆ. 108ಕ್ಕೆ ಕರೆ ಮಾಡಿದವರನ್ನು ಹೆಸರು ಹೇಳಲೇಬೇಕೆಂದು, ಸಾಕ್ಷಿ ನುಡಿಯಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 2025ರಿಂದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಬಂದಿದೆ.

ರಜೆ ಮುಗಿಸಿ ಮರಳುವ ಮುನ್ನ ಕಾಕಾ ಆ ತ್ರಿಕೋನವನ್ನು ನನ್ನ ಕಾರಿನಲ್ಲೇ ಬಿಟ್ಟು, ಊರಿನ ಪ್ರತಿ ಗಾಡಿಗೂ ಒಂದೊಂದು ಕೊಡಿಸುವಂತೆ ಹೇಳಿ ಹೋದ. ಕೊಡಿಸಿದ್ದೇನೆ. ಮುಂದಿನ ಹಂಗಾಮು ಶುರುವಾಗುವ ಮೊದಲು ಆಳಂದ, ಅಫಜಲಪುರ, ಜೇವರ್ಗಿಯ ಊರೂರಿನ ರೈತರು ತಮ್ಮ ಕಾರ್ಖಾನೆಯ ಕಾಟಾದ ಮುಂದೆ ನಿಂತು ಈ ಒಂದು ನಿಯಮ ಕೇಳಬೇಕು. ಕೇಳಲು ನಾನು ಹೊರಟಿದ್ದೇನೆ; ನೀವೂ ಬನ್ನಿ.